ಮಲಗುವ ಕೋಣೆಗೆ ಯಾವ ಬಲ್ಬ್?

ಬಲ್ಬ್ ತರುವಾಗ ಡಬ್ಬದ ಮೇಲಿನ ಕೆಲ್ವಿನ್ ಸಂಖ್ಯೆ ನೋಡಿ. 6500 ಅಂದರೆ ಬೆಳ್ಳನೆಯ ಬೆಳಕು, ಅದರಲ್ಲಿ ನೀಲಿ ಜಾಸ್ತಿ. 2700 ಇದ್ದರೆ ಹಳದಿ. ರಾತ್ರಿಗೆ ಹಳದಿಯೇ ವಾಸಿ.

ಕಾರಣ ಮೆಲಟೋನಿನ್ ಅನ್ನುವ ಹಾರ್ಮೋನು. ಅದನ್ನು ನಿದ್ದೆ ಮಾತ್ರೆ ಅಂದುಕೊಳ್ಳಬೇಡಿ. ಕತ್ತಲಾಯಿತು ಅಂತ ಮೆದುಳು ದೇಹಕ್ಕೆ ಕಳಿಸುವ ಸುದ್ದಿ ಅದು. ರಾತ್ರಿಯೆಲ್ಲ ಮರ ಸುತ್ತುವ ಕಾಡುಪಾಪದಂಥ ಪ್ರಾಣಿಗಳಲ್ಲೂ ಅದು ಏರುವುದು ಕತ್ತಲಲ್ಲೇ! ಕಣ್ಣಿಗೆ ಬೆಳಕು ಬಿದ್ದರೆ ತಗ್ಗುತ್ತದೆ, ನೀಲಿ ಬೆಳಕಿಗಂತೂ ಇನ್ನೂ ಜಾಸ್ತಿ. 1980ರಲ್ಲಿ ಮನುಷ್ಯರಲ್ಲಿ ಇದನ್ನು ತೋರಿಸಿದಾಗ ಬಳಸಿದ್ದು 2500 ಲಕ್ಸ್‌ನ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ಜೋರು ಬೆಳಕು. ಮನೆಯ ದೀಪ ಅಷ್ಟು ಜೋರಿರುವುದಿಲ್ಲ ಅಲ್ವಾ? ಆದರೆ 2011ರ ಒಂದು ಅಧ್ಯಯನದಲ್ಲಿ 200 ಲಕ್ಸ್‌ಗಿಂತ ಕಡಿಮೆ ಬೆಳಕಿಗೂ ಮೆಲಟೋನಿನ್ ಇರುವ ಅವಧಿ ಸುಮಾರು 90 ನಿಮಿಷ ಕುಗ್ಗಿತು.

ಹಾಗಾಗಿ ಊಟ ಮುಗಿದ ಮೇಲೆ ಟ್ಯೂಬ್‌ಲೈಟ್ ಆರಿಸಿ, ಮೂಲೆಯ ಹಳದಿ ದೀಪ ಸಾಕು. ಮಕ್ಕಳಿಗೆ ಇದರ ಪರಿಣಾಮ ದೊಡ್ಡವರಿಗಿಂತ ಜಾಸ್ತಿ. ಅವರ ಕೋಣೆಯ ನೀಲಿ ಜೀರೋ ಬಲ್ಬ್ ತೆಗೆದು ಕೆಂಪು ಹಾಕಿ. ರಾತ್ರಿ ಬಾತ್‌ರೂಮಿಗೆ ಏಳುವ ಹಿರಿಯರಿದ್ದರೆ ಪೂರ್ತಿ ಕತ್ತಲು ಮಾಡಬೇಡಿ, ಬಿದ್ದರೆ ಕಷ್ಟ. ಅದೇ ಕೆಂಪು ಬಲ್ಬನ್ನು ಮಂಚಕ್ಕಿಂತ ಕೆಳಗೆ, ಕಣ್ಣಿಗೆ ನೇರ ಹೊಡೆಯದಂತೆ ಹಾಕಿಸಿ.