ಸ್ಕ್ರಿಪ್ಟಿಗೆ ನಿಜವಾಗಿ ಸಿಕ್ಕಿದ್ದೇನು? ಮೊದಲು ಅದನ್ನು ನೋಡಿ

"ಮುಂದುವರಿಯಲೇ?" ಎಂದು ನಿಮ್ಮ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಕೇಳುತ್ತದೆ. ನೀವು "ಹೌದು" ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. ಎಲ್ಲ ಸರಿಯಾಗಿ ನಡೆಯುತ್ತದೆ. ಅದೇ "ಹೌದು" ಪದವನ್ನು ಫೈಲಿನಲ್ಲಿ ಬರೆದಿಟ್ಟು ಸ್ಕ್ರಿಪ್ಟಿಗೆ ಕೊಟ್ಟರೆ ಮಾತ್ರ "ರದ್ದಾಯಿತು" ಅನ್ನುತ್ತದೆ! ಇದರ ಹಿಂದೆ ಬಿದ್ದು ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಉತ್ತರವನ್ನು ಹೋಲಿಸುವ ಇಫ್ ಸಾಲನ್ನು ನಾಲ್ಕು ಸಲ ತಿದ್ದಿದೆ. ತಪ್ಪು ಆ ಸಾಲಿನಲ್ಲಿ ಇರಲೇ ಇಲ್ಲ.

ಆದ್ದರಿಂದ ಇಂಥ ಸಮಯದಲ್ಲಿ ಕೋಡನ್ನು ತಕ್ಷಣ ಮುಟ್ಟಬೇಡಿ. ಒಳಗೆ ಏನು ಬಂದಿದೆ ಎಂದು ಕಣ್ಣಾರೆ ನೋಡಿ.

ಬೇಲಿ ಹಾಕಿ ಮುದ್ರಿಸಿ

ಇನ್‌ಪುಟ್ ಓದಿದ ಮರುಸಾಲಿನಲ್ಲೇ ಉತ್ತರ ಇಟ್ಟುಕೊಂಡ ವೇರಿಯಬಲ್ಲನ್ನು ಎರಡು ಚೌಕ ಆವರಣಗಳ ನಡುವೆ ಮುದ್ರಿಸಿ. [ಹೌದು] ಎಂದು ಬಂದರೆ ಸರಿ. [ಹೌದು ] ಎಂದು ಬಂದರೆ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದೆ. ಇನ್ನು ]ಹೌದು ಎಂದು ಮುಚ್ಚುವ ಆವರಣವೇ ಮುಂದೆ ಬಂದು ಕೂತಿದ್ದರೆ? ನನಗೆ ಕಂಡದ್ದು ಇದೇ. ಪದದ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ ಇತ್ತು. ಅದು ಕರ್ಸರನ್ನು ಸಾಲಿನ ಆರಂಭಕ್ಕೆ ಎಳೆದೊಯ್ಯುತ್ತದೆ. ಹಾಗಾಗಿ ಮುಚ್ಚುವ ಆವರಣ ಹೋಗಿ ತೆರೆಯುವ ಆವರಣದ ಮೇಲೆಯೇ ಕೂರುತ್ತದೆ.

ಈ ಅಕ್ಷರ ಟೆಲಿಪ್ರಿಂಟರ್ ಕಾಲದ್ದು. ಮುದ್ರಿಸುವ ಭಾಗವನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಮೇಲೆ ಸರಿಸಲು ಇನ್ನೊಂದು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅವು 13 ಮತ್ತು 10. ವಿಂಡೋಸ್ ಸಾಲಿನ ಕೊನೆಗೆ ಎರಡನ್ನೂ ಇಡುತ್ತದೆ, ಲಿನಕ್ಸ್ 10 ಒಂದನ್ನೇ. ಫೈಲ್ ಅಲ್ಲಿಂದ ಇಲ್ಲಿಗೆ ಬಂದಾಗ 13 ಪದಕ್ಕೆ ಅಂಟಿಕೊಂಡೇ ಉಳಿಯುತ್ತದೆ. ಕ್ಯಾಟ್ ಕಮಾಂಡಿಗೆ ಚಿಕ್ಕ ಇ ಆಯ್ಕೆ ಕೊಟ್ಟು ಫೈಲ್ ನೋಡಿ. ಸಾಲಿನ ಕೊನೆಯಲ್ಲಿ ಡಾಲರ್ ಗುರುತು ಮಾತ್ರ ಇರಬೇಕು. ಅದಕ್ಕೆ ಮೊದಲು ಟೋಪಿ ಗುರುತು ಮತ್ತು ಎಂ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಡಾಸ್‌ಟುಯುನಿಕ್ಸ್ ಎಂಬ ಕಮಾಂಡ್ ಓಡಿಸಿದರೆ ಹೋಗುತ್ತದೆ.

ಪೈಥಾನ್ ಭಾಷೆಯಲ್ಲಿ ಬೇಲಿಯ ಕೆಲಸವನ್ನು ರೆಪ್ರ್ ಎಂಬ ಫಂಕ್ಷನ್ ಮಾಡುತ್ತದೆ. ಸಾಮಾನ್ಯ ಪ್ರಿಂಟಿನಲ್ಲಿ ಕಾಣದ ಅಕ್ಷರಗಳೂ ಅದರಲ್ಲಿ ಹೊರಬೀಳುತ್ತವೆ. ವೆಬ್ ಪುಟದಿಂದ ಕಾಪಿ ಮಾಡಿದ ಪದದಲ್ಲಿ ಅಗಲವೇ ಇಲ್ಲದ ಸ್ಪೇಸ್ ಸೇರಿರಬಹುದು. ಎರಡೂ ತುದಿಯ ಸ್ಪೇಸ್ ತೆಗೆಯುವ ಸ್ಟ್ರಿಪ್ ಕೂಡ ಅದನ್ನು ತೆಗೆಯುವುದಿಲ್ಲ.

ಸಂಖ್ಯೆಯೋ, ಅಕ್ಷರವೋ

ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಯಾವಾಗಲೂ ಅಕ್ಷರಸಾಲನ್ನೇ ಕೊಡುತ್ತದೆ. 5 ಮತ್ತು 5 ಕೂಡಿಸಿದರೆ 55 ಬರುವುದು ಅದಕ್ಕೇ. ಇದು ಬೇಗ ಕಣ್ಣಿಗೆ ಬೀಳುತ್ತದೆ. ಹೋಲಿಕೆಯ ತಪ್ಪು ಹಾಗೆ ಬೀಳುವುದಿಲ್ಲ. ಅಕ್ಷರಗಳಾಗಿ ನೋಡಿದರೆ 9 ಎಂಬುದು 10ಕ್ಕಿಂತ ದೊಡ್ಡದು, ಮೊದಲ ಅಕ್ಷರದಲ್ಲೇ ತೀರ್ಮಾನ ಆಗಿಬಿಡುತ್ತದೆ. ಎರರ್ ಏನೂ ಬರುವುದಿಲ್ಲ, ಉತ್ತರ ಮಾತ್ರ ಸುಮ್ನೆ ತಪ್ಪಾಗುತ್ತದೆ. ಓದಿದ ಕೂಡಲೇ ಇಂಟ್ ಫಂಕ್ಷನ್ ಬಳಸಿ ಸಂಖ್ಯೆ ಮಾಡಿಕೊಳ್ಳಿ. ಬ್ಯಾಶ್‌ನಲ್ಲಿ (ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಶೆಲ್) ಇನ್ನೊಂದು ತೊಡಕು ಇದೆ. 08 ಎಂದು ಕೊಟ್ಟು ಲೆಕ್ಕ ಮಾಡಿಸಿದರೆ ಎರರ್ ಬರುತ್ತದೆ. ಮುಂದೆ ಸೊನ್ನೆ ಇದ್ದರೆ ಅದು ಎಂಟರ ಪದ್ಧತಿಯ ಸಂಖ್ಯೆ ಎಂದುಕೊಳ್ಳುತ್ತದೆ. ಆ ಪದ್ಧತಿಯಲ್ಲಿ 8 ಎಂಬ ಅಂಕಿಯೇ ಇಲ್ಲವಲ್ಲ!

ಕೇಳದೆಯೇ ಮುಂದೆ ಓಡಿದರೆ

ನನ್ನ ಮಟ್ಟಿಗೆ ಅತಿ ಹೆಚ್ಚು ಗೊಂದಲ ಮಾಡುವುದು ಇದು. ವೈಲ್ ಲೂಪ್ ಒಂದು ಫೈಲಿನಿಂದ ಸಾಲುಗಳನ್ನು ಓದುತ್ತಿದೆ. ಪ್ರತಿ ಸಾಲಿಗೂ "ಅಳಿಸಲೇ?" ಎಂದು ಲೂಪಿನ ಒಳಗಿನ ರೀಡ್ (ಇನ್‌ಪುಟ್ ಓದುವ ಕಮಾಂಡ್) ಕೇಳಬೇಕು. ಓಡಿಸಿದರೆ ಅದು ನಿಮಗಾಗಿ ಕಾಯುವುದೇ ಇಲ್ಲ. ಜೊತೆಗೆ ಒಂದು ಬಿಟ್ಟು ಒಂದು ಸಾಲು ಮಾಯ.

ಕಾರಣ ಇಷ್ಟೇ: ಸಾಲು ಓದುವ ಹೊರಗಿನ ರೀಡ್, ಒಳಗಿನ ರೀಡ್, ಎರಡೂ ಒಂದೇ ನಲ್ಲಿಗೆ ಬಿಂದಿಗೆ ಹಿಡಿದಿವೆ. ಲೂಪಿಗೆ ಫೈಲ್ ಜೋಡಿಸಿದ ಮೇಲೆ ಒಳಗಿನವರೆಗೂ ಸ್ಟ್ಯಾಂಡರ್ಡ್ ಇನ್‌ಪುಟ್ (ಇನ್‌ಪುಟ್ ಬರುವ ದಾರಿ) ಎಂದರೆ ಆ ಫೈಲೇ. ನಿಮ್ಮ ಉತ್ತರದ ಬದಲು ಫೈಲಿನ ಮುಂದಿನ ಸಾಲು ಉತ್ತರವಾಗಿ ಹೋಗುತ್ತದೆ. ಅಳಿಸುವ ಸ್ಕ್ರಿಪ್ಟ್ ಆಗಿದ್ದರೆ ಇದು ಆಟದ ಮಾತಲ್ಲ. ಫೈಲನ್ನು ಬೇರೊಂದು ದಾರಿಗೆ, ಅಂದರೆ 3ನೇ ಡಿಸ್ಕ್ರಿಪ್ಟರ್‌ಗೆ ಜೋಡಿಸಿ, ಹೊರಗಿನ ರೀಡ್‌ಗೆ ಯು ಆಯ್ಕೆಯ ಜೊತೆ 3 ಎಂದು ಕೊಡಿ. ಆಗ ಕೀಬೋರ್ಡ್ ಒಳಗಿನ ರೀಡ್‌ಗೆ ಬಿಡುವಾಗುತ್ತದೆ. ಲೂಪಿನೊಳಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸುವ ಕಮಾಂಡ್) ಇದ್ದರೂ ಇದೇ ಕಥೆ. ಅದು ಉಳಿದ ಸಾಲುಗಳನ್ನೆಲ್ಲ ಕುಡಿದುಬಿಡುತ್ತದೆ, ಮೊದಲ ಸಾಲಿಗೇ ಲೂಪ್ ಮುಗಿಯುತ್ತದೆ. ಅದಕ್ಕೆ ಚಿಕ್ಕ ಎನ್ ಆಯ್ಕೆ ಕೊಟ್ಟರೆ ಸಾಕು.

ಕೊನೆಯ ಸಾಲು ಮಾತ್ರ ಬರುತ್ತಿಲ್ಲವೇ? ಆ ಸಾಲಿನ ಕೊನೆಯಲ್ಲಿ ಎಂಟರ್ ಇಲ್ಲ. ರೀಡ್ ಸಾಲನ್ನು ಓದಿಕೊಂಡಿರುತ್ತದೆ, ಆದರೆ "ಮುಗಿಯಿತು" ಎಂಬ ಸೂಚನೆಯನ್ನೂ ಜೊತೆಗೇ ಕೊಡುತ್ತದೆ. ಹಾಗಾಗಿ ಲೂಪ್ ಅಲ್ಲೇ ನಿಲ್ಲುತ್ತದೆ. ಫೈಲಿನ ಕೊನೆಯಲ್ಲಿ ಒಂದು ಎಂಟರ್ ಒತ್ತಿ ಸೇವ್ ಮಾಡಿ.

ಇನ್‌ಪುಟ್‌ನಲ್ಲಿದ್ದ ಬ್ಯಾಕ್‌ಸ್ಲ್ಯಾಶ್ ಕಾಣೆಯಾಗಿದ್ದರೆ ರೀಡ್‌ಗೆ ಆರ್ ಆಯ್ಕೆ ಸೇರಿಸಿ. ನಾನಂತೂ ಅದಿಲ್ಲದೆ ರೀಡ್ ಬರೆಯುವುದೇ ಇಲ್ಲ. ಏನೂ ಟೈಪ್ ಮಾಡದೆ ಬರೀ ಎಂಟರ್ ಒತ್ತಿ ಕೂಡ ಒಮ್ಮೆ ಓಡಿಸಿ ನೋಡಿ. ಖಾಲಿ ಉತ್ತರಕ್ಕೆ ಸ್ಕ್ರಿಪ್ಟ್ ಬಿದ್ದರೆ, ಹೋಲಿಸುವ ಜಾಗದಲ್ಲಿ ವೇರಿಯಬಲ್ಲಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಇದೆಯೇ ಎಂದು ಪರೀಕ್ಷಿಸಿ.

ಎಲ್ಲ ಸರಿಯಾದ ಮೇಲೆ ಬೇಲಿ ಹಾಕಿದ ಸಾಲನ್ನು ಅಳಿಸಬೇಡಿ. ಅದು ಓಡದ ಹಾಗೆ ಸಾಲಿನ ಮೊದಲಿಗೆ ಒಂದು ಹ್ಯಾಶ್ ಗುರುತು ಇಟ್ಟು ಅಲ್ಲೇ ಬಿಡಿ.