ಪಂಚಾಯಿತಿ ಕೆಲಸ ಹೇಗಿದೆ ಅಂತ ಊರಿನವರನ್ನು ಕೇಳುವ ಬಗೆ

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಗ್ರಾಮಸಭೆಗೆ ಮುಂಚೆ ಮನೆಮನೆಗೆ ಹೋಗಿ ನೀರು, ಚರಂಡಿ, ಬೀದಿ ದೀಪ, ಇ-ಸ್ವತ್ತು (ಮನೆ, ಸೈಟಿಗೆ ಪಂಚಾಯಿತಿ ಕೊಡುವ ಕಂಪ್ಯೂಟರ್ ದಾಖಲೆ) ಹೇಗೆ ನಡೀತಿದೆ ಅಂತ ಕೇಳಿ ಬರೆದುಕೊಳ್ಳುವುದು ನಮ್ಮ ಸಂಘದ ಕೆಲಸ. ಪಕ್ಕದ ಊರಿನ ಸಂಘದವರು ಹೇಗೆ ಮಾಡುತ್ತೀರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಇದೆ. "ನೀರು ಸರಿಯಾಗಿ ಬರುತ್ತಾ?" ಅಂತ ಕೇಳಿದರೆ ಎಲ್ಲರೂ "ಏನೋ ಪರವಾಗಿಲ್ಲಮ್ಮ" ಅನ್ನುತ್ತಾರೆ. ಮನೆಗೆ ಬಂದವರ ಮುಂದೆ ದೂರು ಹೇಳಲು ಸಂಕೋಚ, ಜೊತೆಗೆ ನಾಳೆ ನೀರು ಬಿಡುವ ನೀರುಗಂಟಿಗೆ ಗೊತ್ತಾದರೆ ಅನ್ನುವ ಭಯ. ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ಹೋದ ವಾರ ಎಷ್ಟು ದಿನ ನಲ್ಲಿ ಬಂತು? ಎಷ್ಟು ಹೊತ್ತಿಗೆ ಬಂತು? ಬಂದಾಗ ಎಷ್ಟು ಕೊಡ ತುಂಬಿತು?" ಇದಕ್ಕೆ ಯಾರೂ ಸುಮ್ನೆ ಉತ್ತರ ಕೊಡುವುದಿಲ್ಲ, ಬೆರಳು ಮಡಿಸಿ ಎಣಿಸುತ್ತಾರೆ.

ಎಷ್ಟು ಕೊಡ ಅಂತ ಎಣಿಸುವುದಕ್ಕೆ ಒಂದು ಕಾರಣ ಇದೆ. ಮನೆಮನೆಗೆ ನಲ್ಲಿ ನೀರು ಕೊಡುವ ಸರ್ಕಾರದ ಯೋಜನೆ ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಜನರ ಮನೆಗೆ 275 ಲೀಟರ್. ನಿಮ್ಮೂರಲ್ಲಿ ಜಾಸ್ತಿ ಬಳಸುವ ಕೊಡ ಎಷ್ಟು ಲೀಟರ್ ಹಿಡಿಯುತ್ತೆ ಅಂತ ಒಂದು ಲೀಟರ್ ಬಾಟಲಿಯಿಂದ ಅಳೆದಿಟ್ಟುಕೊಳ್ಳಿ. 15 ಲೀಟರಿನ ಕೊಡವಾದರೆ ಆ ಮನೆಗೆ ದಿನಕ್ಕೆ ಹದಿನೆಂಟು ಕೊಡಕ್ಕಿಂತ ಸ್ವಲ್ಪ ಜಾಸ್ತಿ. ದಿನ ಬಿಟ್ಟು ದಿನ ನೀರು ಬಿಡುವ ಊರಾದರೆ, ಬಂದ ದಿನ ಮೂವತ್ತೇಳು ಕೊಡ ತುಂಬಬೇಕು. ಈ ಲೆಕ್ಕ ಇಟ್ಟರೆ "ಸಾಕಾಗಲ್ಲ" ಅನ್ನುವ ಮಾತಿಗೆ ತೂಕ ಬರುತ್ತೆ.

ನೀರಿನ ಪ್ರಶ್ನೆಯನ್ನು ನೀರು ಹಿಡಿಯುವವರಿಗೇ ಕೇಳಿ. ಜಗಲಿ ಮೇಲೆ ಕೂತ ಯಜಮಾನರು ಎಲ್ಲದಕ್ಕೂ ಉತ್ತರ ಹೇಳಿಬಿಡುತ್ತಾರೆ. ಅವರಿಗೆ ಬೀದಿ ದೀಪದ ಪ್ರಶ್ನೆ ಕೇಳಿ, ಇನ್ನೊಬ್ಬರು ಒಳಗೆ ಹೋಗಿ ಒಲೆ ಹತ್ತಿರ ಕೂತು ನೀರಿನ ವಿಷಯ ಕೇಳಲಿ. ಅದಕ್ಕೇ ಇಬ್ಬಿಬ್ಬರು ಹೋಗಬೇಕು. ಒಬ್ಬರಾದರೂ ಹೆಂಗಸು ಇರಲಿ. ಮೆಂಬರ್ ಮನೆಯವರು ಜೊತೆಗೆ ಬೇಡ. ನಿಮ್ಮ ಬೀದಿಯನ್ನು ನೀವೇ ಕೇಳಬೇಡಿ, ಬೇರೆ ಬೀದಿಯವರಿಗೆ ಬಿಡಿ. ಪಂಚಾಯಿತಿ ಎಲೆಕ್ಷನ್ ಹತ್ತಿರ ಇದ್ದರೆ ಮುಗಿಯುವ ತನಕ ಕಾಯಿರಿ.

ಲಂಚದ ವಿಷಯವನ್ನು ನೇರವಾಗಿ ಕೇಳಿದರೆ ಬಾಯಿ ಬಿಡುವುದಿಲ್ಲ. ಎರಡು ಪ್ರಶ್ನೆ ಮಾಡಿಕೊಳ್ಳಿ: "ಇ-ಸ್ವತ್ತು ಮಾಡಿಸಲು ಎಲ್ಲಾ ಸೇರಿ ಎಷ್ಟು ಖರ್ಚಾಯಿತು? ಎಷ್ಟಕ್ಕೆ ರಸೀದಿ ಸಿಕ್ಕಿತು?" ಎರಡನ್ನೂ ಪಕ್ಕಪಕ್ಕ ಬರೆಯಿರಿ. ಆಟೋ ಚಾರ್ಜು, ಜೆರಾಕ್ಸು ಬಿಡಿಸಿ ಕೇಳಿ, ಇಲ್ಲದಿದ್ದರೆ ಅದೂ ಲಂಚದ ಲೆಕ್ಕಕ್ಕೆ ಸೇರಿ ಅನ್ಯಾಯವಾಗುತ್ತೆ. ಯಾರಿಗೆ ಕೊಟ್ಟಿರಿ ಅಂತ ಕೇಳಬೇಡಿ. ಹಾಳೆಯಲ್ಲಿ ಹೆಸರು, ಮನೆ ನಂಬರ್ ಏನೂ ಬೇಡ, ಬೀದಿ ಒಂದಿದ್ದರೆ ಸಾಕು. ಇದನ್ನು ಅವರ ಎದುರಿಗೇ ತೋರಿಸಿ. ಇ-ಸ್ವತ್ತು ಮಾಡಿಸಿದವರಿಗೆ ಮಾತ್ರ ಈ ಪ್ರಶ್ನೆ. ಮಾಡಿಸದವರಿಗೆ ಯಾಕೆ ಮಾಡಿಸಲಿಲ್ಲ ಅಂತ ಕೇಳಿ, ಅಲ್ಲೂ ಬಹಳ ವಿಷಯ ಇರುತ್ತೆ.

ಯಾವ ಮನೆಗೆ ಹೋಗಬೇಕು? ಊರು ಚಿಕ್ಕದಾದರೆ ಎಲ್ಲಾ ಮನೆ. ದೊಡ್ಡದಾದರೆ ಒಂದು ತುದಿಯಿಂದ ಎಣಿಸಿ ಐದನೇ ಮನೆ, ಹತ್ತನೇ ಮನೆ, ಹೀಗೆ. ಪಂಚಾಯಿತಿಯ ಕಂದಾಯದ ಪಟ್ಟಿಯನ್ನು ಮಾತ್ರ ನಂಬಬೇಡಿ, ಖಾತೆ ಇಲ್ಲದ ಮನೆಗಳು, ಗುಡಿಸಲುಗಳು ಅದರಲ್ಲಿ ಇಲ್ಲದೇ ಇರಬಹುದು. ಕಾಲೋನಿ, ಗೊಲ್ಲರಹಟ್ಟಿ, ತೋಟದ ಮನೆಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಎಲ್ಲಾ ಸೇರಿಸಿ ಕೂಡಿದರೆ, ಟ್ಯಾಂಕ್ ಪಕ್ಕದ ಬೀದಿಯ ನೀರು ಪೈಪಿನ ಕೊನೆಯ ಮನೆಗಳ ಬಾಯಾರಿಕೆಯನ್ನು ಮುಚ್ಚಿಹಾಕುತ್ತೆ. ನನಗೆ ಬಹಳ ಸಂಕಟ ಆಗುವ ವಿಷಯ ಇದು. ಬೀಗ ಹಾಕಿದ ಮನೆಯನ್ನು ಬಿಡಬೇಡಿ, ಕೂಲಿಯಿಂದ ಬಂದ ಮೇಲೆ ಸಂಜೆ ಹೋಗಿ. ಹಗಲು ಸಿಗುವವರನ್ನಷ್ಟೇ ಕೇಳಿದರೆ ಕೂಲಿಯವರ ಮಾತೇ ಬಿಟ್ಟುಹೋಗುತ್ತೆ, ಅಲ್ವಾ?

ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ನಗರದ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿ ರಿಪೋರ್ಟ್ ಕಾರ್ಡ್ ಹೊರತಂದರು. 1999ರಲ್ಲಿ, 2003ರಲ್ಲಿ ಮತ್ತೆ ಮಾಡಿದರು. ಹಾಗೆ ಮತ್ತೆ ಮತ್ತೆ ಕೇಳಿದ್ದರಿಂದಲೇ ಎಲ್ಲಿ ಸುಧಾರಿಸಿತು, ಎಲ್ಲಿ ಇಲ್ಲ ಅಂತ ತಿಳಿಯಿತು. ನಾವೂ ಪ್ರಶ್ನೆಗಳ ಒಂದು ಪ್ರತಿ ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ. ಮುಂದಿನ ಸಲ ಮಾತು ಬದಲಾದರೆ ಉತ್ತರ ಹೋಲಿಸಲು ಆಗುವುದಿಲ್ಲ.

ಲೆಕ್ಕ ಹಾಕಲು ಕಂಪ್ಯೂಟರ್ ಬೇಕಿಲ್ಲ. ಒಂದು ಮನೆಗೆ ಒಂದು ಗೀಟು: ನಾಲ್ಕು ಗೀಟು, ಐದನೆಯದು ಅಡ್ಡ. ಶೇಕಡಾವಾರು ಬೇಡ, "ಹತ್ತು ಮನೆಯಲ್ಲಿ ಏಳು ಮನೆಗೆ ಸಾಲುತ್ತಿಲ್ಲ" ಅಂತ ಬರೆದರೆ ಎಲ್ಲರಿಗೂ ಅರ್ಥ ಆಗುತ್ತೆ.

ಸಭೆಗೆ ಮುಂಚೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ನೀರುಗಂಟಿಗೆ ಒಂದು ಸಲ ತೋರಿಸಿ. ಮೋಟಾರ್ ಕೆಟ್ಟಿತ್ತೋ, ವಾಲ್ವ್ ಹಾಳಾಗಿತ್ತೋ ಅವರೇ ಹೇಳುತ್ತಾರೆ, ಅದನ್ನೂ ಬರೆದುಕೊಳ್ಳಿ. ನೀರುಗಂಟಿ ಕಡಿಮೆ ಸಂಬಳಕ್ಕೆ ದುಡಿಯುವವರು, ಅವರನ್ನು ಎಲ್ಲರೆದುರು ನಿಲ್ಲಿಸಿ ಅವಮಾನ ಮಾಡುವುದು ತಪ್ಪು. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಕಾನೂನೇ ಇದೆ. ಅಲ್ಲಿ ಬೀದಿವಾರು ಓದಿ, ಹಾಳೆಯ ಪ್ರತಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಅಲ್ಲೇ ಗಟ್ಟಿಯಾಗಿ ಓದಿಸಿ. ಇನ್ನೊಂದು ಪ್ರತಿಯನ್ನು ಹಾಲಿನ ಡೇರಿ ಗೋಡೆಗೆ ಅಂಟಿಸಿ. ಉತ್ತರ ಕೊಟ್ಟವರೆಲ್ಲ ಸಭೆಗೆ ಬರುವುದಿಲ್ಲ, ಹಾಲು ಹಾಕಲು ಮಾತ್ರ ದಿನಾ ಎರಡು ಹೊತ್ತು ಬರುತ್ತಾರೆ.