ಗುಜರಿಯಿಂದ ಬಂದ ಎಣ್ಣೆ ಮೆಷೀನು

ಮಂಗಳೂರು ಬಂದರಿನ ಗುಜರಿ ಅಂಗಡಿಗೆ ನಾನು ಹೋದದ್ದು ಚಾನೆಲ್ ತುಂಡು ಹುಡುಕಿಕೊಂಡು. ಉಡುಪಿಗೆ ವಾಪಸ್ ಬರುವಾಗ ಟೆಂಪೋದಲ್ಲಿದ್ದದ್ದು ಒಂದೂವರೆ ಕ್ವಿಂಟಾಲ್ ತೂಕದ ವೆಲ್ಡಿಂಗ್ ಮೆಷೀನು. ಹಳೇ ಆಯಿಲ್ ಕೂಲ್ಡ್ ಟ್ರಾನ್ಸ್‌ಫಾರ್ಮರ್, ಅಂದರೆ ಕಾಯಿಲ್ ಎಣ್ಣೆ ಟ್ಯಾಂಕಿನಲ್ಲಿ ಮುಳುಗಿ ತಣಿಯುವಂಥದ್ದು. ನಾವು ಎಣ್ಣೆ ಮೆಷೀನು ಅಂತೇವೆ. ಪ್ಲೇಟಿನ ಮೇಲೆ ಉಳಿದಿದ್ದ ಅಕ್ಷರ ಇಷ್ಟೇ: 300 ಆಂಪಿಯರ್, 415 ವೋಲ್ಟ್, 2 ಫೇಸ್.

ಗುಜರಿ ಕಾಕ ಮೊದಲು ತಾಮ್ರದ ರೇಟು ಹೇಳಿದರು. ನಾನು ಕಾಯಿಲಿನಿಂದ ಹೊರಬರುವ ತಂತಿಯ, ಅಂದರೆ ಲೀಡಿನ, ತುದಿಯನ್ನು ಚೂರಿಯಿಂದ ಕೆರೆದು ತೋರಿಸಿದೆ. ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ. ರೇಟು ಅಲ್ಲೇ ಇಳಿಯಿತು.

"ಕಾಯಿಲ್ ಸುಟ್ಟ ಮೆಷೀನು ಎಂತಕ್ಕೆ ಮಾರಾಯ್ರೆ ನಿಮಗೆ?" ಅಂತ ಕಾಕನೇ ಕೇಳಿದರು. ಸುಟ್ಟ ವಾಸನೆ ಇತ್ತು, ಸುಳ್ಳಲ್ಲ. ಆದರೆ ಎಣ್ಣೆ ಹಾಕುವ ತೂತಿನ ಮುಚ್ಚಳ ಇರಲಿಲ್ಲ. ನನ್ನ ತಲೆಗೆ ಹೊಕ್ಕಿದ್ದು ಅದು. ನಮ್ಮ ಊರಿನ ಮಳೆಯಲ್ಲಿ ಮುಚ್ಚಳ ಇಲ್ಲದ ಟ್ಯಾಂಕ್ ಅಂದರೆ ಏನಾಗಿರಬಹುದು, ಯೋಚಿಸಿ.

ಎಲೆಕ್ಟ್ರಾನಿಕ್ ಬೋರ್ಡಿನ ಹೊಸ ಇನ್ವರ್ಟರ್ ವೆಲ್ಡಿಂಗ್ ಮೆಷೀನು ತಗೊಳ್ಳಬಹುದಿತ್ತಲ್ವಾ ಅಂತ ಕೇಳಬಹುದು. ತಗೊಂಡಿದ್ದೆ, ಎರಡು. ಕೈಯಲ್ಲಿ ಎತ್ತಿಕೊಂಡು ಹೋಗಬಹುದು, ಆರ್ಕ್ ಕೂಡ ಚೆಂದ. ಆದರೆ ಒಳಗಿನ ಫ್ಯಾನು ಗ್ರೈಂಡಿಂಗ್ ಧೂಳನ್ನೂ ಉಪ್ಪುಗಾಳಿಯನ್ನೂ ಒಟ್ಟಿಗೆ ಎಳೆದು ಬೋರ್ಡಿನ ಮೇಲೆ ಕೂರಿಸುತ್ತದೆ. ಮಲ್ಪೆ ಕಡೆಯ ಕೆಲಸಕ್ಕೆ ಎರಡೂ ಜಾಸ್ತಿ ದಿನ ಬರಲಿಲ್ಲ.

ಶೆಡ್ಡಿಗೆ ತಂದು ಮೊದಲು ಕೆಪಾಸಿಟರ್ ತೆಗೆದೆ. ಉಬ್ಬಿತ್ತು. ಕರೆಂಟ್ ಇಲ್ಲ ಅಂತ ನೇರ ಕೈ ಹಾಕಬಾರದು. ಬಲ್ಬಿನ ಎರಡು ವೈರ್ ಮುಟ್ಟಿಸಿ ಚಾರ್ಜ್ ಇಳಿಸಿಯೇ ಬಿಚ್ಚಬೇಕು. ಆಮೇಲೆ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದೆ. ಎಣ್ಣೆ ಬರಲಿಲ್ಲ. ಕೆಮ್ಮಣ್ಣು ಬಣ್ಣದ ನೀರು ಬಂತು, ಅರ್ಧ ಬಕೆಟ್! ಎಣ್ಣೆಗಿಂತ ನೀರು ಭಾರ, ಅಡಿಯಲ್ಲಿ ಕೂತಿತ್ತು. ಅದರ ಹಿಂದೆ ಕಪ್ಪು ಎಣ್ಣೆ. ಮುಚ್ಚಳ ಇದ್ದರೂ ಇಂಥ ಟ್ಯಾಂಕಿಗೆ ಸ್ವಲ್ಪ ತೇವ ಸೇರಿಯೇ ಸೇರುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ಹೊರಗಿನ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಮೇಲಿನ ಎಣ್ಣೆ ಆದರೂ ಸರಿ ಇದೆಯಾ ಅಂತ ಹಳೇ ಉಪಾಯ ಮಾಡಿದೆ. ಒಂದು ಲೋಟ ಎಣ್ಣೆ ಅಂಗಳಕ್ಕೆ ಒಯ್ದು, ಕಬ್ಬಿಣದ ಸಣ್ಣ ಸರಳು ಕಾಯಿಸಿ ಅದ್ದಿದೆ. ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಶಬ್ದ ಬಂದರೆ ನೀರಿದೆ ಅಂತಲೇ ಲೆಕ್ಕ. ಅಷ್ಟೂ ಎಣ್ಣೆಯ ಆಸೆ ಬಿಟ್ಟೆ.

ಚೈನ್ ಬ್ಲಾಕಿನಲ್ಲಿ ಕೋರ್ ಸಮೇತ ಕಾಯಿಲ್ ಎತ್ತಿದೆವು. ಸುಟ್ಟ ವಾಸನೆಯ ಮೂಲ ಆಗ ಸಿಕ್ಕಿತು. ಅಲ್ಯೂಮಿನಿಯಂ ಲೀಡು ಹಿತ್ತಾಳೆಯ ಬೋಲ್ಟಿಗೆ ಸೇರುವ ಜಾಗ ಸಡಿಲವಾಗಿ, ಕಾದು ಕಾದು ಹಿಂದಿನ ಬೇಕಲೈಟ್ ಪ್ಲೇಟು ಇದ್ದಿಲಾಗಿತ್ತು. ಕಾಯಿಲಿನ ಕಾಗದದ ಸುತ್ತು ಮಾತ್ರ ಎಲ್ಲೂ ಕಪ್ಪಾಗಿರಲಿಲ್ಲ. ಉಗುರಿನಿಂದ ಒತ್ತಿ ನೋಡಿದೆ. ಪುಡಿಯಾಗಲಿಲ್ಲ, ಒದ್ದೆ ರಟ್ಟಿನ ಹಾಗೆ ಮೆತ್ತಗೆ ತಗ್ಗಿತು. ರೀವೈಂಡಿಂಗ್ ಮಾಡುವ ಪರಿಚಯದವರೊಬ್ಬರು ಬಂದು, 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್, ಅಂಕಿ ಏರಿದಷ್ಟೂ ಒಳ್ಳೆಯದು) ಹಾಕಿ, "0.1 ಮೆಗಾಓಮ್. ಹೊಸ ಕಾಯಿಲ್ ಸುತ್ತಿಸಿ" ಅಂದರು. ನಾನು ಮೆಗ್ಗರ್ ಮಾತ್ರ ಇಟ್ಟು ಹೋಗಿ ಅಂದೆ.

ಆಮೇಲಿನ ಒಂಬತ್ತು ದಿನ ಒಣಗಿಸಿದ್ದೇ ಕೆಲಸ. ಹಳೇ ತಗಡು ಶೀಟು ಸುತ್ತಿ ಗೂಡು ಮಾಡಿ, 200 ವಾಟಿನ ನಾಲ್ಕು ಬಲ್ಬು ಇಟ್ಟೆ. ಬಲ್ಬಿಗೂ ಕಾಯಿಲಿಗೂ ನಡುವೆ ಇನ್ನೊಂದು ತಗಡು. ಎಣ್ಣೆ ಕುಡಿದ ಕಾಗದ ಅದು, ಅಜಾಗ್ರತೆ ಆಗದು. ಮೇಲೆ ಆವಿ ಹೋಗಲು ತೂತು. 80 ಡಿಗ್ರಿ ದಾಟಲು ಬಿಡಲಿಲ್ಲ. ಅಳೆಯುವಾಗ ಬಲ್ಬು ಬಂದ್.

ಮೊದಲ ಸಂಜೆ ಎದೆ ಧಸಕ್ಕೆಂದಿತು. 0.1 ಇದ್ದದ್ದು 0.05ಕ್ಕೆ ಇಳಿದಿತ್ತು. ಹುಡುಗ, "ಅಣ್ಣ, ಇದು ಹಾಳಾಗ್ತಾ ಉಂಟು" ಅಂದ. ಹಾಳಾಗುವುದಲ್ಲ. ಬಿಸಿಯಾದಷ್ಟೂ ಇನ್ಸುಲೇಶನ್ ರೆಸಿಸ್ಟೆನ್ಸ್ ಇಳಿಯುತ್ತದೆ. ಅಂದಾಜಿಗೆ 10 ಡಿಗ್ರಿಗೆ ಅರ್ಧ. ಒಳಗಿನ ನೀರು ಹೊರಟ ಮೇಲೆಯೇ ಅದೇ ಬಿಸಿಯಲ್ಲಿ ಏರುವುದು. ಇಲ್ಲಿ ಗಡಿಬಿಡಿ ಮಾಡಿ ಕೈಬಿಟ್ಟವರೇ ಜಾಸ್ತಿ. ಐದನೇ ದಿನ 2, ಏಳನೇ ದಿನ 11, ಎಂಟಕ್ಕೆ 20. ಒಂಬತ್ತನೇ ದಿನವೂ 20ರಲ್ಲೇ ನಿಂತಿತು. ಇನ್ನು ಹೊರಡುವ ನೀರಿಲ್ಲ ಅಂತ ಅರ್ಥ. ಬಲ್ಬು ಬಂದ್ ಮಾಡಿ ಉಗುರುಬೆಚ್ಚಗೆ ತಣಿದಾಗ ನೋಡಿದರೆ 200 ದಾಟಿತ್ತು. ಕರೆಂಟು ಬಿಲ್ಲಿನ ಬಗ್ಗೆ ಮನೆಯಲ್ಲಿ ಕೇಳಿದ ಮಾತು ಇಲ್ಲಿ ಬರೆಯುವುದಿಲ್ಲ.

ಒಣಗುತ್ತಿದ್ದ ದಿನಗಳಲ್ಲೇ ಉಳಿದದ್ದೆಲ್ಲ ಆಯಿತು. ಆಂಪಿಯರ್ ಹೆಚ್ಚು ಕಮ್ಮಿ ಮಾಡುವ ಹ್ಯಾಂಡ್ ವೀಲಿನ ಸ್ಕ್ರೂ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಮೂರು ದಿನ ಡೀಸೆಲ್ ಬಿಟ್ಟೆ, ಬಂತು. ಇದ್ದಿಲಾದ ಪ್ಲೇಟನ್ನು ಕೆರೆದು ಬಳಸುವ ಕೆಲಸ ಬೇಡ, ಕರೆಂಟು ಅದೇ ದಾರಿ ಮತ್ತೆ ಹಿಡಿಯುತ್ತದೆ. ಕರೆಂಟು ಹಾಯದ ಹೊಸ ಹೈಲಂ ಶೀಟು ಕತ್ತರಿಸಿ ಹಾಕಿದೆ. ಅಲ್ಯೂಮಿನಿಯಂ ತುದಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ, ಮರುಗಳಿಗೆಯೇ ವ್ಯಾಸಲಿನ್ ಬಳಿದು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆ. ತಡ ಮಾಡಿದರೆ ಗಾಳಿ ತಾಗಿ ಮತ್ತೆ ಪೊರೆ ಕಟ್ಟುತ್ತದೆ.

ಕಾಯಿಲ್ ಉಗುರುಬೆಚ್ಚಗೆ ಇರುವಾಗಲೇ ಹೊಸ ಎಣ್ಣೆ ತುಂಬಿಸಿದೆ. ಗುಳ್ಳೆ ಮೇಲೆ ಬರಲಿ ಅಂತ ಒಂದು ರಾತ್ರಿ ಬಿಟ್ಟೆ. ನೇರ 415 ಕೊಡಲಿಲ್ಲ. 1000 ವಾಟಿನ ಹ್ಯಾಲೊಜನ್ ಬಲ್ಬು ಸೀರೀಸ್ ಇಟ್ಟು 230 ಕೊಟ್ಟೆ. ಒಳಗೆ ಸುತ್ತು ಶಾರ್ಟ್ ಆಗಿದ್ದರೆ ಬಲ್ಬು ಝಗ್ಗನೆ ಉರಿಯಬೇಕು. ಮಂಕಾಗಿ ಕೆಂಪಗಾಯಿತು, ಅಷ್ಟೇ. ವೆಲ್ಡಿಂಗ್ ರಾಡು ಹಿಡಿಯುವ ಹೋಲ್ಡರ್ ಕಡೆ ಮೀಟರ್ 43 ವೋಲ್ಟ್ ತೋರಿಸಿತು. ಅಂದರೆ 415ಕ್ಕೆ ಹತ್ತಿರ ಹತ್ತಿರ 78. ಲೆಕ್ಕ ಸರಿ. ಮೆಷೀನಿನ ಬಾಡಿಗೆ ಅರ್ಥಿಂಗ್ ಬಿಗಿದು, ಲೈನಿನ ಮೂರು ಫೇಸಿನಲ್ಲಿ ಎರಡನ್ನು ಕೊಟ್ಟೆ, ಮೆಷೀನು ಗುಂಯ್ ಅಂದಿತು.

ಮೊದಲು ಹಾಕಿದ್ದು 10 ನಂಬರ್ ರಾಡು, 120 ಆಂಪಿಯರಿನಲ್ಲಿ, ಮೀನು ಹಿಡಿಯುವ ಬೋಟಿನ ಬಲೆ ಬೋರ್ಡಿನ (ಬಲೆಯ ಬಾಯಿ ಅಗಲಿಸುವ ಹಲಗೆ) ಕಬ್ಬಿಣದ ಪಟ್ಟಿಗೆ. ವೆಲ್ಡಿಂಗ್ ಮೇಲೆ ಕಟ್ಟುವ ಪೊರೆ, ಸ್ಲ್ಯಾಗ್, ಸುತ್ತಿಗೆ ತಾಗಿಸುವ ಮೊದಲೇ ಸಿಪ್ಪೆ ಹಾಗೆ ಎದ್ದು ಬಂತು. ಈ ಕೆಲಸಕ್ಕೆ ಲೈನಿನಿಂದ 23 ಆಂಪಿಯರ್ ಹೋಗುತ್ತದೆ. ನನ್ನ ಎಂಸಿಬಿ 32ರದ್ದು, ಆದ್ದರಿಂದ ಪ್ಲೇಟಿನಲ್ಲಿ 300 ಇದ್ದರೂ 150ರ ಮೇಲೆ ವೀಲ್ ತಿರುಗಿಸುವುದಿಲ್ಲ. ಬೋಟಿನ ಹೊಟ್ಟೆಯೊಳಗಿನ ಕೆಲಸಕ್ಕೂ ಇದನ್ನು ಕೊಡುವುದಿಲ್ಲ. ಸುತ್ತಲೂ ಕಬ್ಬಿಣ, ಮೈಯೆಲ್ಲಾ ಬೆವರು. ಅಂಥ ಜಾಗಕ್ಕೆ ಎಸಿಯಲ್ಲಿ 48 ವೋಲ್ಟ್ ಮಿತಿ, ಇದರದ್ದು 78. ಯಾರು ಕೇಳಿದರೂ ಇಲ್ಲ.

ಒಂದು ಕಿರಿಕಿರಿ ಮಾತ್ರ ಉಳಿದಿದೆ. ಆರ್ಕ್ ಹಿಡಿದ ಕೂಡಲೇ ಪಕ್ಕದ ಟೈಲರ್ ಅಂಗಡಿಯ ಲೈಟು ಮಂಕಾಗುತ್ತಿತ್ತು. ನನ್ನ ಕಡೆಯ ಫೇಸ್ ಬದಲಾಯಿಸಿದೆ. ಟೈಲರ್ ಈಗ ಆರಾಮ. ಆದರೆ ನಿನ್ನೆ ಎದುರಿನ ಹೋಟೆಲಿನವರು ಬಂದು, ತಮ್ಮ ಗ್ರೈಂಡರ್ ಯಾಕೆ ನಡುನಡುವೆ ಮುಗ್ಗರಿಸುತ್ತದೆ ಅಂತ ಕೇಳಿದರು.